‘ಪಾಸ್’ ಎಂದ ಡಿಸ್ಕ್ ಕೈಕೊಡುವುದಿಲ್ಲವೇ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಲೆಕ್ಕಪರಿಶೋಧಕರ ಕಚೇರಿ. 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ರೇಡ್ 5ಕ್ಕೆ (ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ದತ್ತಾಂಶ ಮರಳಿ ಪಡೆಯುವ ವ್ಯವಸ್ಥೆ) ಜೋಡಿಸಿದ ಲಿನಕ್ಸ್ ಸರ್ವರ್ ಇದೆ. ನಾಲ್ಕನ್ನೂ ಒಂದೇ ದಿನ ಕೊಂಡದ್ದು. ಕೆಲವು ವಾರಗಳಿಂದ ಫೈಲ್ ತೆರೆಯಲು ಹೋದರೆ ಎಲ್ಲರ ಪರದೆಯೂ ಅರ್ಧ ನಿಮಿಷ ನಿಂತುಬಿಡುತ್ತದೆ. ಲಾಗ್‌ನಲ್ಲಿ, ಲಿನಕ್ಸ್ ಎಸ್‌ಡಿಸಿ ಎಂದು ಕರೆಯುವ ಡಿಸ್ಕಿನ ಮೇಲೆ ದೋಷಗಳು ಕಾಣುತ್ತಿವೆ. ಆದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಅಳೆಯುವ ಸ್ಮಾರ್ಟ್ ಪರೀಕ್ಷೆ ನಾಲ್ಕಕ್ಕೂ ‘ಪಾಸ್’ ಎನ್ನುತ್ತದೆ. ‘ಎಸ್‌ಡಿಸಿ ಕಿತ್ತು ಹೊಸದನ್ನು ಹಾಕಿ, ಮಿಕ್ಕದ್ದನ್ನು ರೇಡ್ ನೋಡಿಕೊಳ್ಳುತ್ತದೆ’ ಎನ್ನುತ್ತಾರೆ ಮಾರಿದವರು. ಹಾಗೆ ಮಾಡಬಹುದೇ? ನಾಲ್ಕರ ವರದಿಯನ್ನೂ ಕಳಿಸಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ದಯವಿಟ್ಟು ಈಗ ಯಾವ ಡಿಸ್ಕಿಗೂ ಕೈ ಹಾಕಬೇಡಿ. ಎಸ್‌ಡಿಸಿ ಹಾಳಾಗುತ್ತಿರುವುದು ನಿಜ. ಆದರೆ ನಿಮ್ಮ ಕಡತಗಳಿಗೆ ದೊಡ್ಡ ಅಪಾಯವಿರುವುದು ಯಾರೂ ಅನುಮಾನಿಸದ ಎಸ್‌ಡಿಬಿಯಿಂದ. ಎಸ್‌ಡಿಸಿಯನ್ನು ಕಿತ್ತ ಗಳಿಗೆಯಲ್ಲೇ ಆ ಅಪಾಯ ಎದುರಾಗುತ್ತದೆ.

ಮೊದಲು ಆ ‘ಪಾಸ್’ ವಿಷಯ. ಸ್ಮಾರ್ಟ್ ಅಳೆಯುವ ಪ್ರತಿ ಅಂಶಕ್ಕೂ ತಯಾರಕರು ಒಂದು ಮಿತಿ ಇಟ್ಟಿರುತ್ತಾರೆ, ಅದನ್ನು ದಾಟಿದರೆ ಮಾತ್ರ ‘ಫೇಲ್’. ಆ ಮಿತಿ ಎಷ್ಟು ಸಡಿಲವೆಂದರೆ ನೂರಾರು ಸೆಕ್ಟರ್ (ದತ್ತಾಂಶ ಬರೆಯುವ ಪುಟ್ಟ ಜಾಗ) ಕೆಟ್ಟ ಡಿಸ್ಕ್ ಕೂಡ ನಿರಾತಂಕವಾಗಿ ಪಾಸಾಗುತ್ತದೆ. ಆದ್ದರಿಂದ ವರದಿಯಲ್ಲಿ ನೋಡಬೇಕಾದದ್ದು ಬಲತುದಿಯ ಕಚ್ಚಾ ಸಂಖ್ಯೆಗಳ ಸಾಲು. ನೀವು ಕಳಿಸಿದ್ದರಲ್ಲಿ ಎಸ್‌ಡಿಸಿಯ 5ನೇ ಅಂಶ 48, ಅಂದರೆ ಅಷ್ಟು ಸೆಕ್ಟರ್‌ಗಳನ್ನು ಡಿಸ್ಕ್ ಈಗಾಗಲೇ ಕೈಬಿಟ್ಟು ಮೀಸಲು ಜಾಗಕ್ಕೆ ಹೋಗಿದೆ. 197ನೇ ಅಂಶ 112. ಇವು ಓದಲು ಬಾರದೆ, ತೀರ್ಮಾನವೂ ಆಗದೆ ಬಾಕಿ ಉಳಿದವು. ಲಾಗ್‌ನಲ್ಲಿ ಯುಎನ್‌ಸಿ ಎಂಬ ಮೂರಕ್ಷರವೂ ಇದೆ. ತಟ್ಟೆಯ ಮೇಲಿನ ದತ್ತಾಂಶವನ್ನೇ ಓದಲಾಗಲಿಲ್ಲ ಎಂದು ಅದರ ಅರ್ಥ. ಈ ಡಿಸ್ಕನ್ನು ಬದಲಿಸಲೇಬೇಕು.

ಎಸ್‌ಡಿಡಿಯಲ್ಲಿ 5 ಮತ್ತು 197 ಎರಡೂ ಸೊನ್ನೆ, 199 ಮಾತ್ರ 340. ಇದನ್ನು ಕಂಡು ಡಿಸ್ಕ್ ಎಸೆಯುವವರನ್ನು ಬಹಳ ನೋಡಿದ್ದೇನೆ, ಸಂಕಟವಾಗುತ್ತದೆ. 199 ಎಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ದತ್ತಾಂಶ ಕೆಟ್ಟ ಲೆಕ್ಕ. ಬಹುಮಟ್ಟಿಗೆ ಇದು ಸಾಟಾ ಕೇಬಲ್ಲಿನದೋ ಸಡಿಲ ಕನೆಕ್ಟರಿನದೋ ಕೆಲಸ. ಲಾಗ್‌ನಲ್ಲಿ ಇದು ಐಸಿಆರ್‌ಸಿ ಎಂದು ದಾಖಲಾಗುತ್ತದೆ. ಕೇಬಲ್ ಬದಲಿಸಿ 340 ಎಂದು ಬರೆದಿಟ್ಟುಕೊಳ್ಳಿ. ಆ ಎಣಿಕೆ ಎಂದೂ ಸೊನ್ನೆಗೆ ಮರಳುವುದಿಲ್ಲ, ಏರುವುದು ನಿಂತರೆ ಸಾಕು.

ಈಗ ಎಸ್‌ಡಿಬಿ. 197ನೇ ಅಂಶ 8. ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಇಂದಿನ ಹೆಚ್ಚಿನ ಡಿಸ್ಕ್‌ಗಳಲ್ಲಿ ಒಂದು ಭೌತಿಕ ಸೆಕ್ಟರ್ 4096 ಬೈಟ್, ಅದು 512ರ ಎಂಟು ತುಂಡುಗಳಾಗಿ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 8 ಎಂದರೆ ಬಹುಶಃ ಓದಲಾಗದ ಒಂದೇ ಒಂದು ಜಾಗ. ಎಸ್‌ಡಿಸಿ ಒಳಗಿರುವವರೆಗೆ ಆ ಜಾಗದಲ್ಲಿದ್ದುದನ್ನು ಉಳಿದ ಮೂರರಿಂದ ಲೆಕ್ಕಹಾಕಿ ಪಡೆಯಬಹುದು. ಎಸ್‌ಡಿಸಿಯನ್ನು ಕಿತ್ತರೆ ರೇಡ್ 5ರ ಬಳಿ ಬದಲಿ ಲೆಕ್ಕವೇ ಇರುವುದಿಲ್ಲ. ಹೊಸ ಡಿಸ್ಕ್ ತುಂಬಿಸುವಾಗ ಎಸ್‌ಡಿಬಿಯ ಪ್ರತಿ ಸೆಕ್ಟರನ್ನೂ ಓದಲೇಬೇಕು, ಆ ಒಂದು ಜಾಗದಲ್ಲಿ ಕೆಲಸ ನಿಲ್ಲಬಹುದು. ಎರಡನೆಯ ಡಿಸ್ಕೂ ಹೊರಬಿದ್ದರೆ ಇಡೀ ಶೇಖರಣೆ ಮುಚ್ಚಿಕೊಳ್ಳುತ್ತದೆ. ಒಂದೇ ದಿನ ಕೊಂಡು ಒಂದೇ ಪೆಟ್ಟಿಗೆಯಲ್ಲಿ ಒಂದೇ ಬಿಸಿಯಲ್ಲಿ ಓಡಿದ ಡಿಸ್ಕ್‌ಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ವಯಸ್ಸಾಗುತ್ತದೆ ಎಂಬುದನ್ನು ಮಾರಿದವರು ಹೇಳಬೇಕಿತ್ತು.

ಆದ್ದರಿಂದ ಇಂದೇ, ನಾಲ್ಕೂ ಜೊತೆಗಿರುವಾಗಲೇ, ಎಲ್ಲ ಕಡತಗಳನ್ನೂ ಬೇರೊಂದು ಯಂತ್ರಕ್ಕೋ ಹೊರಗಿನ ಡಿಸ್ಕಿಗೋ ನಕಲು ಮಾಡಿ. ರೇಡ್ ಬ್ಯಾಕಪ್ ಅಲ್ಲ. ಕಕ್ಷಿದಾರರ ಹಲವು ವರ್ಷಗಳ ಲೆಕ್ಕ ಅದರೊಳಗಿದೆ. ನಕಲು ಮುಗಿದು, ಹತ್ತಾರು ಫೈಲ್‌ಗಳನ್ನು ತೆರೆದು ನೋಡುವವರೆಗೆ ಮುಂದಿನ ಹೆಜ್ಜೆ ಬೇಡ.

ಆ ಅರ್ಧ ನಿಮಿಷದ ಸ್ತಬ್ಧತೆಗೂ ಕಾರಣವಿದೆ. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕ್ ಕೆಟ್ಟ ಜಾಗವನ್ನು ಓದಲು ಒಂದೆರಡು ನಿಮಿಷವಾದರೂ ಹಟ ಹಿಡಿಯಬಲ್ಲದು, ಲಿನಕ್ಸ್ ಕಾಯುವುದು 30 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಅದು ಸಂಪರ್ಕವನ್ನೇ ಮರುಹೊಂದಿಸುತ್ತದೆ. ಹಾಗಾದಾಗ ದುರಸ್ತಿಯಾಗಬಹುದಾಗಿದ್ದ ಡಿಸ್ಕ್ ಕೂಡ ರೇಡ್‌ನಿಂದ ಹೊರಬೀಳಬಹುದು. ಸ್ಮಾರ್ಟ್ ವರದಿ ಕೊಡುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದಲ್ಲಿ, ಡಿಸ್ಕ್ ಹಟ ಹಿಡಿಯುವ ಅವಧಿಯನ್ನು ನಿಗದಿಮಾಡುವ ಎಸ್‌ಸಿಟಿ ಇಆರ್‌ಸಿ ಆಯ್ಕೆಗೆ 70 ಎಂದು ಕೊಡಿ. ಅದು ಸೆಕೆಂಡಿನ ಹತ್ತನೆಯ ಭಾಗದ ಲೆಕ್ಕ, ಅಂದರೆ 7 ಸೆಕೆಂಡಿಗೆ ಡಿಸ್ಕ್ ಸೋಲೊಪ್ಪಿಕೊಳ್ಳುತ್ತದೆ. ಡಿಸ್ಕ್ ಇದಕ್ಕೆ ಒಪ್ಪದಿದ್ದರೆ ಲಿನಕ್ಸ್ ಕಾಯುವ ಅವಧಿಯನ್ನೇ 180 ಸೆಕೆಂಡಿಗೆ ಏರಿಸಿ. ಅನೇಕ ಡಿಸ್ಕ್‌ಗಳು ವಿದ್ಯುತ್ ಹೋಗಿ ಬಂದರೆ ಈ ಹೊಂದಿಕೆಯನ್ನು ಮರೆಯುತ್ತವೆ. ಸರ್ವರ್ ಏಳುವಾಗಲೆಲ್ಲ ತಾನಾಗಿ ಜಾರಿಯಾಗುವಂತೆ ಮಾಡಿಡಿ.

ಇದಾದ ಮೇಲೆ ಇಡೀ ರೇಡ್ ಮೇಲೆ, ಎಲ್ಲ ಡಿಸ್ಕ್‌ಗಳನ್ನೂ ಪೂರ್ತಿ ಓದಿ ನೋಡುವ ‘ಚೆಕ್’ ಓಡಿಸಿ. ಎಸ್‌ಡಿಬಿಯ ಆ ಜಾಗ ಓದಲು ಬಾರದಿದ್ದಾಗ ಲಿನಕ್ಸ್ ಉಳಿದ ಮೂರರಿಂದ ಸರಿಯಾದ ದತ್ತಾಂಶ ಪಡೆದು ಅಲ್ಲಿಗೇ ಮತ್ತೆ ಬರೆಯುತ್ತದೆ. ಬರೆಯುವಾಗ ಡಿಸ್ಕ್ ಆ ಜಾಗವನ್ನು ಉಳಿಸಿಕೊಳ್ಳುತ್ತದೆ ಇಲ್ಲವೇ ಮೀಸಲಿಗೆ ವರ್ಗಾಯಿಸುತ್ತದೆ. ಎಸ್‌ಡಿಬಿಯ 197 ಸೊನ್ನೆಗಿಳಿಯಬೇಕು. ಇಳಿದ ಮೇಲೆ ಎಸ್‌ಡಿಸಿಯ ಸರದಿ. ಐದನೆಯ ಸಾಟಾ ಪೋರ್ಟ್ ಇದ್ದರೆ ಹೊಸ ಡಿಸ್ಕನ್ನು ಅಲ್ಲಿಗೆ ಜೋಡಿಸಿ, ಲಿನಕ್ಸ್‌ನಲ್ಲಿ ರೇಡ್ ನಿರ್ವಹಿಸುವ ಎಂಡಿಎಡಿಎಂ ತಂತ್ರಾಂಶದ ರೀಪ್ಲೇಸ್ ಆದೇಶ ಕೊಡಿ. ಹಳೆಯದು ಒಳಗಿರುವಾಗಲೇ ಹೊಸದು ತುಂಬಿಕೊಳ್ಳುತ್ತದೆ, ಒಂದು ಗಳಿಗೆಯೂ ರಕ್ಷಣೆ ತಪ್ಪುವುದಿಲ್ಲ.

ಕೀಳುವ ಹೊತ್ತಿಗೆ ಸೀರಿಯಲ್ ನಂಬರ್ ನೋಡಿಯೇ ಕೀಳಿ. ಎಸ್‌ಡಿಸಿ ಎಂಬುದು ಎಡದಿಂದ ಮೂರನೆಯದು ಎಂದೇನೂ ಅಲ್ಲ, ಯಂತ್ರ ಮರಳಿ ಶುರುವಾದಾಗ ಹೆಸರುಗಳು ಅದಲುಬದಲಾಗಬಹುದು. ಸ್ಮಾರ್ಟ್‌ಸಿಟಿಎಲ್ ತೋರಿಸುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಡಿಸ್ಕಿನ ಲೇಬಲ್ಲಿಗೆ ಅಕ್ಷರಕ್ಕಕ್ಷರ ತಾಳೆ ಹಾಕಿ. ಹೊಸದನ್ನು ಕೊಳ್ಳುವಾಗ ಸಿಎಂಆರ್ (ದತ್ತಾಂಶದ ಪಥಗಳನ್ನು ಪಕ್ಕಪಕ್ಕದಲ್ಲಿ ಬಿಡಿಯಾಗಿ ಬರೆಯುವ ಬಗೆ) ಎಂದೇ ಕೇಳಿ. ತನ್ನ ರೆಡ್ ಸಾಲಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ (ಪಥಗಳನ್ನು ಒಂದರ ಮೇಲೊಂದು ತುಸು ಹೊದಿಸಿ ಬರೆಯುವ ಬಗೆ) ಎಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ. ಅಂಥವು ಮರುತುಂಬಿಸುವಾಗ ವಿಪರೀತ ನಿಧಾನವಾಗಬಲ್ಲವು.

ಎಸ್‌ಡಿಬಿಯನ್ನೂ ಬದಲಿಸಬೇಕೇ? ನಾನಾದರೆ ಬದಲಿಸುತ್ತೇನೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ದೋಷ (ಹಿನ್ನೆಲೆಯಲ್ಲಿ ತಟ್ಟೆಯನ್ನು ತಪಾಸಿಸುವಾಗ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚಿತ್ತು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು ಎಂಬುದೂ ಅದರಲ್ಲಿದೆ. ಸೂಚನೆ ಕೊಟ್ಟ ಡಿಸ್ಕಿಗೆ ಇನ್ನಷ್ಟು ಕಾಲಾವಕಾಶ ಕೊಡಲು ನನಗೆ ಮನಸ್ಸು ಬಾರದು.

ಪ್ರಶ್ನೆ: ನಮ್ಮ ಮುದ್ರಣಾಲಯದ ಸರ್ವರಿನಲ್ಲಿ ರೇಡ್ ಕಾರ್ಡ್ ಇದೆ. ಒಂದು ಸ್ಲಾಟಿನಲ್ಲಿ ಕಿತ್ತಳೆ ದೀಪ ಬಂತು, ಡಿಸ್ಕ್ ಬದಲಿಸಿದೆವು. ಎರಡೇ ದಿನಕ್ಕೆ ಹೊಸದಕ್ಕೂ ಕಿತ್ತಳೆ ದೀಪ. ಹೊಸ ಡಿಸ್ಕೇ ದೋಷದ್ದೇ? (ಮೈಸೂರಿನ ಓದುಗರು)

ಉತ್ತರ: ಮೊದಲು ಸ್ಲಾಟನ್ನು ಅನುಮಾನಿಸಿ. ಮೆಗಾರೇಡ್ ಜಾತಿಯ ಕಾರ್ಡಾಗಿದ್ದರೆ ಅದರ ತಂತ್ರಾಂಶ ಪ್ರತಿ ಡಿಸ್ಕಿಗೂ ‘ಮೀಡಿಯಾ ಎರರ್’ (ತಟ್ಟೆಯ ದೋಷ) ಮತ್ತು ‘ಅದರ್ ಎರರ್’ (ಇತರ ದೋಷ) ಎಂಬ ಎರಡು ಎಣಿಕೆ ಕೊಡುತ್ತದೆ. ಮೊದಲನೆಯದು ಸೊನ್ನೆಯಾಗಿದ್ದು ಎರಡನೆಯದು ಏರುತ್ತಿದ್ದರೆ ಬ್ಯಾಕ್‌ಪ್ಲೇನ್ (ಸ್ಲಾಟ್‌ಗಳ ಹಿಂದಿನ ಸಂಪರ್ಕ ಫಲಕ), ಕೇಬಲ್, ವಿದ್ಯುತ್ ಕನೆಕ್ಟರ್ ನೋಡಬೇಕು. ತೆಗೆದಿಟ್ಟ ಹಳೆಯ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ರಾತ್ರಿಯಿಡೀ ಸ್ಮಾರ್ಟ್ ದೀರ್ಘ ಪರೀಕ್ಷೆ ಓಡಿಸಿ. ಅದು ದತ್ತಾಂಶವನ್ನು ಮುಟ್ಟುವುದಿಲ್ಲ. ಅಲ್ಲಿ ಒಂದೂ ದೋಷ ಕಾಣದಿದ್ದರೆ ಸ್ಲಾಟಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಆ ಹಳೆಯ ಡಿಸ್ಕನ್ನು ಅದೇ ಸರ್ವರಿಗೆ ಮರಳಿ ಹಾಕಿದರೆ ಕಾರ್ಡ್ ‘ಫಾರಿನ್ ಕಾನ್ಫಿಗರೇಶನ್’ (ತನ್ನ ಈಗಿನ ದಾಖಲೆಗೆ ಹೊಂದದ ರೇಡ್ ಮಾಹಿತಿ) ಕಂಡಿದೆ ಎಂದು ಕೇಳಬಹುದು. ಇಂಪೋರ್ಟ್ ಒತ್ತಬೇಡಿ. ಆ ಡಿಸ್ಕಿನಲ್ಲಿರುವುದು ಹಳೆಯ ಸ್ಥಿತಿ, ಸರ್ವರ್ ಆಗಲೇ ಮುಂದೆ ಸಾಗಿರುತ್ತದೆ.