ಮಗುವನ್ನು ಕಳೆದುಕೊಂಡ ಮನೆ: ಇದು ದುಃಖವೋ, ಕಾಯಿಲೆಯೋ?

ಮಗ ತೀರಿಹೋಗಿ ವರ್ಷವಾದರೂ ಅಕ್ಕ ಹಾಸಿಗೆ ಬಿಟ್ಟೇಳುತ್ತಿಲ್ಲ, ಭಾವ ಮಾತ್ರ ಏನೂ ಆಗದವರಂತೆ ಕೆಲಸಕ್ಕೆ ಹೋಗುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಭಾವನನ್ನು ಕಲ್ಲುಮನಸ್ಸಿನವರು ಅಂದುಕೊಳ್ಳಬೇಡಿ. ದುಃಖದಲ್ಲಿರುವ ಮನಸ್ಸು ಕಳೆದುಕೊಂಡದ್ದರ ಕಡೆಗೊಮ್ಮೆ, ಉಳಿದ ಬದುಕಿನ ಕಡೆಗೊಮ್ಮೆ ಓಲಾಡುತ್ತಿರುತ್ತದೆ ಎಂದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದರು. ಗಂಡ ಹೆಂಡತಿ ಒಂದೇ ಹೊತ್ತಿಗೆ ಒಂದೇ ಕಡೆ ಇರುವುದಿಲ್ಲ. ‘ನಿಮಗೆ ನೋವೇ ಇಲ್ಲ’ ಎಂಬ ಜಗಳ ಹುಟ್ಟುವುದು ಅಲ್ಲೇ.

ಅಕ್ಕನಿಗೆ ಮಾತ್ರ ಮನೋವೈದ್ಯರ ನೆರವು ಬೇಕು. ಹೋದವರಿಗಾಗಿ ತೀವ್ರ ಹಂಬಲ 6 ತಿಂಗಳು ಮೀರಿಯೂ ದಿನನಿತ್ಯದ ಬದುಕನ್ನು ನಿಲ್ಲಿಸಿಬಿಟ್ಟಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಅದನ್ನು ದೀರ್ಘಕಾಲದ ದುಃಖದ ಕಾಯಿಲೆ ಎಂದು ಗುರುತಿಸುತ್ತದೆ. ಜೊತೆಗೆ ಖಿನ್ನತೆಯೂ ಇರಬಹುದು. ಖಿನ್ನತೆಗೆ ಮಾತ್ರೆ ನೆರವಾಗುತ್ತದೆ. ಆ ಹಂಬಲ ತಗ್ಗಲು ದುಃಖಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಬೇಕು. ‘ನಾನೂ ಅವನ ಹತ್ತಿರ ಹೋಗ್ತೀನಿ’ ಎಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಇನ್ನೊಂದು ಮಗುವಿದೆಯೇ? ತನ್ನಿಂದಲೇ ಹೀಗಾಯಿತೆಂದು ಅದು ಒಳಗೊಳಗೇ ನಂಬಿರಬಹುದು. ಅದನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೋದವನ ಹೆಸರು ಹೇಳಿಯೇ ಮಾತಾಡಿ.