ನೋಟೆಸ್ಟ್ ಕೊಡುವ ಮೊದಲು ಬಿಲ್ಡ್ ಲಾಗ್ ತೆರೆದು ನೋಡಿ

ಡಾಕರ್ ಇಮೇಜಿನಲ್ಲಿ (ಪ್ರೋಗ್ರಾಂ ಓಡಲು ಬೇಕಾದದ್ದನ್ನೆಲ್ಲ ಕಟ್ಟಿಟ್ಟ ಪೊಟ್ಟಣ) ಪರ್ಲ್ ಮಾಡ್ಯೂಲ್ ಹಾಕುವಾಗ ಟೆಸ್ಟ್ ಫೇಲ್ ಆಗಿ ಇನ್‌ಸ್ಟಾಲ್ ನಿಲ್ಲುತ್ತದೆ, ಸಮಯವೂ ತುಂಬಾ ಹಿಡಿಯುತ್ತದೆ, ಎಲ್ಲದಕ್ಕೂ ನೋಟೆಸ್ಟ್ (ಟೆಸ್ಟ್ ಓಡಿಸದೆ ಇನ್‌ಸ್ಟಾಲ್ ಮಾಡು ಅನ್ನುವ ಆಯ್ಕೆ) ಕೊಟ್ಟುಬಿಡಲೇ ಅಂತ ಕೇಳಿದ್ದೀರಿ ಸರ್. ದಯವಿಟ್ಟು ಬೇಡ. ಬರೆದವರ ಯಂತ್ರದಲ್ಲಿ ಆ ಟೆಸ್ಟ್ ಹೇಗೂ ಪಾಸಾಗಿರುತ್ತದೆ. 1998ರಿಂದ ಸಿಪ್ಯಾನ್ (ಪರ್ಲ್ ಮಾಡ್ಯೂಲ್‌ಗಳ ಸಾರ್ವಜನಿಕ ಭಂಡಾರ) ಟೆಸ್ಟರ್ಸ್ ಸ್ವಯಂಸೇವಕರು ಬೇರೆ ಬೇರೆ ಓಎಸ್, ಪರ್ಲ್ ಆವೃತ್ತಿಗಳಲ್ಲಿ ಓಡಿಸಿ ವರದಿ ಹಾಕುತ್ತಲೇ ಇದ್ದಾರೆ. ನಿಮ್ಮ ಇಮೇಜಿನಲ್ಲಿರುವ ಲೈಬ್ರರಿ, ಭಾಷೆ-ಪ್ರದೇಶದ ಸೆಟ್ಟಿಂಗ್‌ಗಳಾದ ಲೊಕೇಲ್‌ಗಳ ಜೊತೆ ಅದು ಹೊಂದುತ್ತದೆಯೇ ಅನ್ನುವುದು ಮಾತ್ರ ನಿಮ್ಮಲ್ಲೇ ಓಡಿಸಿದರೆ ಗೊತ್ತಾಗುವಂಥದ್ದು. ನೆಟ್::ಎಸ್‌ಎಸ್‌ಲೇ ಥರ ಸಿ ಭಾಷೆಯ ಲೈಬ್ರರಿಗೆ ಕೊಂಡಿ ಹಾಕುವ ಮಾಡ್ಯೂಲ್ ಕೆಲವೊಮ್ಮೆ ಸಲೀಸಾಗಿ ಕಂಪೈಲ್ ಆಗಿ, ಲೋಡ್ ಮಾಡುವಾಗ ಬೀಳುತ್ತದೆ.

ಡಾಕರ್ ಅಂದಮೇಲೆ ಮೊದಲ ಅನುಮಾನ ರೂಟ್ ಮೇಲೆ, ಅಂದರೆ ಬಿಲ್ಡ್ ಸಾಮಾನ್ಯವಾಗಿ ಯಾರ ಹೆಸರಲ್ಲಿ ಓಡುತ್ತದೋ ಆ ಪೂರ್ಣ ಅಧಿಕಾರದ ಯೂಸರ್ ಮೇಲೆ. ಕೆಲವು ಟೆಸ್ಟ್ ಒಂದು ಫೈಲ್ ಮಾಡಿ, ಅದರ ಪರ್ಮಿಷನ್ 000 (ಯಾರಿಗೂ ಅನುಮತಿ ಇಲ್ಲ) ಮಾಡಿ, ಇನ್ನು ತೆರೆಯಬಾರದು ಅಂತ ನಿರೀಕ್ಷಿಸುತ್ತದೆ. ರೂಟ್‌ಗೆ ಅದು ಲೆಕ್ಕಕ್ಕಿಲ್ಲ, ತೆರೆದೇ ತೆರೆಯುತ್ತದೆ. ಲಾಗಿನಲ್ಲಿ ಗಾಟ್ 1, ಎಕ್ಸ್‌ಪೆಕ್ಟೆಡ್ 0 ಅಂತ ಕಾಣುವುದು ಇದೇ. ಇಲ್ಲಿ ಮಾಡ್ಯೂಲಿನ ತಪ್ಪಿಲ್ಲ. ಡಾಕರ್‌ಫೈಲಿನಲ್ಲಿ ಸಾಮಾನ್ಯ ಯೂಸರ್ ಒಬ್ಬನನ್ನು ಮಾಡಿ, ಅವನ ಹೋಮ್ ಡೈರೆಕ್ಟರಿಯಲ್ಲಿ ಮಾಡ್ಯೂಲ್ ಇಡುವ ಜಾಗವಾದ ಲೋಕಲ್ ಲಿಬ್‌ಗೆ ಇನ್‌ಸ್ಟಾಲ್ ಮಾಡಿಸಿ. ಸ್ಲಿಮ್ (ಕಡಿಮೆ ಪ್ಯಾಕೇಜಿರುವ) ಇಮೇಜಾದರೆ ಟೈಮ್‌ಝೋನ್ ಟೆಸ್ಟ್‌ಗಳೂ ಬೀಳಬಹುದು, ಟಿಝಡ್‌ಡೇಟಾ ಪ್ಯಾಕೇಜ್ ಹಾಕಿ. ಬಿಲ್ಡ್ ಆಗುವಾಗ ಇಂಟರ್ನೆಟ್ ಸಿಗದಿದ್ದರೆ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂ ಓದುವ ಸೆಟ್ಟಿಂಗ್) ಆದ ನೋ_ನೆಟ್‌ವರ್ಕ್_ಟೆಸ್ಟಿಂಗ್ 1 ಅಂತ ಕೊಡಿ, ಇದನ್ನು ಗಮನಿಸುವ ಮಾಡ್ಯೂಲ್‌ಗಳು ಆ ಟೆಸ್ಟ್‌ಗಳನ್ನು ಬಿಟ್ಟು ಮುಂದೆ ಹೋಗುತ್ತವೆ.

ಇಷ್ಟಾದರೂ ಒಂದು ಮಾಡ್ಯೂಲ್ ಹಟ ಹಿಡಿದರೆ ಅದನ್ನೊಂದನ್ನೇ ಪ್ರತ್ಯೇಕ ಮಾಡಿ. ನೋಟೆಸ್ಟ್ ಅನ್ನುವುದು ನೀವು ಹೆಸರಿಸಿದ ಮಾಡ್ಯೂಲಿಗಷ್ಟೇ ನಿಲ್ಲುವುದಿಲ್ಲ. ಅದು ಎಳೆದು ತರುವ ಡಿಪೆಂಡೆನ್ಸಿ (ಅದು ಅವಲಂಬಿಸಿದ ಮಾಡ್ಯೂಲ್) 60 ಇದ್ದರೆ 60ಕ್ಕೂ ಟೆಸ್ಟ್ ತಪ್ಪುತ್ತದೆ. ಆದ್ದರಿಂದ ಮೊದಲು ಮಾಡ್ಯೂಲ್ ಇನ್‌ಸ್ಟಾಲ್ ಮಾಡುವ ಸಾಧನವಾದ ಸಿಪ್ಯಾನ್‌ಮೈನಸ್‌ಗೆ ಇನ್‌ಸ್ಟಾಲ್‌ಡೆಪ್ಸ್ ಕೊಟ್ಟು ಅದರ ಡಿಪೆಂಡೆನ್ಸಿಗಳನ್ನು ಟೆಸ್ಟ್ ಸಮೇತ ಹಾಕಿ. ಆಮೇಲೆ ಲುಕ್ ಆಯ್ಕೆ ಕೊಟ್ಟರೆ ಬಿಚ್ಚಿದ ಕೋಡಿರುವ ಡೈರೆಕ್ಟರಿಯಲ್ಲೇ ಶೆಲ್ ತೆರೆಯುತ್ತದೆ. ಅಲ್ಲಿ ಮೊದಲು ಪರ್ಲ್ ಮೇಕ್‌ಫೈಲ್.ಪಿಎಲ್ ಓಡಿಸಿ, ಆಮೇಲೆ ಮೇಕ್ ಮಾಡಿ, ಬಿದ್ದ ಟೆಸ್ಟ್ ಫೈಲನ್ನು ಮಾತ್ರ ಟೆಸ್ಟ್ ಓಡಿಸುವ ಪ್ರೂವ್ ಕಮಾಂಡಿಗೆ ಬಿ, ವಿ ಆಯ್ಕೆ ಎರಡೂ ಹಾಕಿ ಓಡಿಸಿ. ಯಾವ ಸಾಲಿನಲ್ಲಿ ಬಿತ್ತು ಅಂತ ಓದಿ, ಆ ಭಾಗ ನಿಮಗೆ ಬೇಕಿಲ್ಲ ಅಂತ ಖಾತ್ರಿಯಾದರೆ ಫೋರ್ಸ್ ಕೊಟ್ಟು ಹಾಕಿ. ಆಗಲೂ ನೋಟೆಸ್ಟ್ ಬೇಡ: ಫೋರ್ಸ್ ಟೆಸ್ಟ್ ಓಡಿಸಿಯೇ ಇನ್‌ಸ್ಟಾಲ್ ಮಾಡುತ್ತದೆ, ಬಿದ್ದದ್ದು ಏನು ಅನ್ನುವುದು ಲಾಗಿನಲ್ಲಿ ಉಳಿಯುತ್ತದೆ.

ಇನ್ನು ಸಮಯದ ಮಾತು. ಇನ್ನೊಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಆದ ಹಾರ್ನೆಸ್_ಆಪ್ಷನ್ಸ್‌ಗೆ ಜೆ4 ಕೊಟ್ಟರೆ ನಾಲ್ಕು ಟೆಸ್ಟ್ ಫೈಲ್ ಒಟ್ಟಿಗೆ ಓಡುತ್ತವೆ. ಎರಡು ಟೆಸ್ಟ್ ಒಂದೇ ಪೋರ್ಟಿಗೋ ಒಂದೇ ತಾತ್ಕಾಲಿಕ ಫೈಲಿಗೋ ಕೈ ಹಾಕಿ ಸುಳ್ಳು ಫೇಲ್ ಬರುವುದೂ ಉಂಟು, ಅಂಥದ್ದನ್ನು ಜೆ1ರಲ್ಲಿ ಮತ್ತೆ ಓಡಿಸಿ. ಸರ್ವರ್ ಹಲವಿದ್ದರೆ ಒಂದೊಂದರಲ್ಲೂ ಟೆಸ್ಟ್ ಬೇಕಿಲ್ಲ. ಒಂದೇ ಇಮೇಜ್ ಕಟ್ಟಿ, ಅದರಲ್ಲಿ ಪೂರ್ತಿ ಟೆಸ್ಟ್ ಮುಗಿಸಿ, ಅದನ್ನೇ ಎಲ್ಲ ಕಡೆ ಇಳಿಸಿ. ಬೇಸ್ ಇಮೇಜ್ ಅಥವಾ ಪರ್ಲ್ ಆವೃತ್ತಿ ಬದಲಾದ ದಿನ ಮತ್ತೆ ಮೊದಲಿಂದ ಓಡಿಸಿ.