ಸರ್ಕಾರಕ್ಕೇ ದಂಡ ಹಾಕಿದರೆ ದುಡ್ಡು ಯಾರಿಗೆ?

ಗಾಳಿ ಕೆಟ್ಟಿದ್ದಕ್ಕೆ ಕೋರ್ಟ್ ಸರ್ಕಾರಕ್ಕೇ ದಂಡ ಹಾಕಬಹುದಾ, ಹಾಕಿದರೂ ಆ ದುಡ್ಡು ಯಾರಿಗೆ ಹೋಗುತ್ತೆ ಅಂತ ಕೇಳಿದ್ದೀರಿ. ಹಾಕಬಹುದು, ಹಾಕಿದ್ದಾರೆ ಕೂಡ. ಫ್ರಾನ್ಸ್ ನೋಡಿ. ಪ್ಯಾರಿಸ್, ಲಿಯಾನ್ ಥರದ ಊರುಗಳಲ್ಲಿ ನೈಟ್ರೋಜನ್ ಡೈಆಕ್ಸೈಡನ್ನು (ಡೀಸೆಲ್ ಹೊಗೆಯಲ್ಲಿ ಜಾಸ್ತಿ ಇರುತ್ತಲ್ಲ, ಅದು) ಮಿತಿಯೊಳಗೆ ತನ್ನಿ ಅಂತ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ 2017ರಲ್ಲೇ ಗಡುವು ಕೊಟ್ಟಿತ್ತು. ಗಡುವು ದಾಟಿತು, ಕೆಲಸ ಮುಗಿಯಲಿಲ್ಲ. 2020ರಲ್ಲಿ ಕೋರ್ಟ್, ಇನ್ನು ಆರು ತಿಂಗಳಲ್ಲಿ ಸರಿಮಾಡದಿದ್ದರೆ ಆಮೇಲಿನ ಪ್ರತಿ ಆರು ತಿಂಗಳಿಗೂ 1 ಕೋಟಿ ಯೂರೋ ಎಂದಿತು. 2021ರ ಆಗಸ್ಟ್‌ನಲ್ಲಿ ಕಟ್ಟಿ ಎಂದೇ ಆದೇಶ ಬಂತು, 2022ರಲ್ಲಿ ಇನ್ನೂ 2 ಕೋಟಿ.

ತಮಾಷೆ ಇರುವುದು ದುಡ್ಡಿನ ಹಂಚಿಕೆಯಲ್ಲಿ. ಮೊದಲ 1 ಕೋಟಿಯಲ್ಲಿ, ಕೋರ್ಟಿಗೆ ಹೋದ 'ಫ್ರೆಂಡ್ಸ್ ಆಫ್ ದಿ ಅರ್ಥ್' ಸಂಸ್ಥೆಗೆ ಸಿಕ್ಕಿದ್ದು 1 ಲಕ್ಷ ಮಾತ್ರ. ದೊಡ್ಡ ಪಾಲು ಪರಿಸರ, ಆರೋಗ್ಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಗಳಿಗೇ ಹೋಯಿತು, ಉಳಿದದ್ದು ಆಯಾ ಪ್ರದೇಶದ ಗಾಳಿ ಅಳೆಯುವ ಸಂಘಗಳಿಗೆ. ಈ ಜೇಬಿಂದ ಆ ಜೇಬಿಗೆ, ಅಲ್ವಾ? ಆದರೂ ಸುಮ್ನೆ ನಾಟಕ ಅಂತ ನನಗೆ ಅನಿಸುವುದಿಲ್ಲ. ಪ್ರತಿ ಆರು ತಿಂಗಳಿಗೆ ಲೆಕ್ಕ ಕೊಡಬೇಕಾದಾಗ ಮಂತ್ರಿಗಳಿಗೆ ನೆಪ ಹೇಳುವುದು ಕಷ್ಟ. 2023ರ ಹೊತ್ತಿಗೆ ಮಿತಿ ಮೀರಿದ ಪಟ್ಟಿಯಲ್ಲಿ ಪ್ಯಾರಿಸ್, ಲಿಯಾನ್ ಎರಡೇ ಉಳಿದಿದ್ದವು, ಕೋರ್ಟ್ ದಂಡವನ್ನೂ ಅರ್ಧಕ್ಕೆ ಇಳಿಸಿತು.